ಸ್ಟೆಪ್ ಫೈಲ್‌ನಲ್ಲಿ ಥ್ರೆಡ್ ಎಲ್ಲಿ ಹೋಯಿತು?

[ಪರದೆ: ಬ್ಲೈಂಡ್ ಫ್ಲಾಂಜ್, ಅಂದರೆ ಪೈಪಿನ ಬಾಯಿ ಮುಚ್ಚುವ ತಟ್ಟೆ. ವ್ಯಾಸ 120 ಮಿ.ಮೀ., ದಪ್ಪ 12 ಮಿ.ಮೀ., ಎಂ10 ಥ್ರೆಡ್, ಅಂದರೆ 10 ಮಿ.ಮೀ. ಬೋಲ್ಟ್‌ಗೆ ತಿರುಪಿನ ಗೆರೆ ಇರುವ ಆರಪಾರ ತೂತು 4]

ಈ ಫ್ಲಾಂಜ್‌ನ ಡಿಸೈನ್ ಆಗಿರುವುದು ಮಣಿಪಾಲದಲ್ಲಿ, ಮಿಲ್ಲಿಂಗ್, ಅಂದರೆ ಮೆಷಿನ್‌ನಲ್ಲಿ ಲೋಹ ಕೊರೆದು ಮಾಡುವ ಕೆಲಸ, ಆಗಬೇಕಾದದ್ದು ಬೈಕಂಪಾಡಿಯಲ್ಲಿ ಅಂದುಕೊಳ್ಳಿ. ಎರಡು ಕಡೆಯ ಸಾಫ್ಟ್‌ವೇರ್ ಬೇರೆ ಬೇರೆ. ಆಗ ಕಳಿಸುವುದು ಸ್ಟೆಪ್ ಫೈಲ್, ಅಂದರೆ ಬೇರೆ ಬೇರೆ ಸಾಫ್ಟ್‌ವೇರ್‌ಗಳು ಓದಬಲ್ಲ 3ಡಿ ಮಾಡೆಲ್ ಫೈಲ್. ಇದು 1994ರಲ್ಲಿ ಮೊದಲು ಪ್ರಕಟವಾದ ಐಎಸ್‌ಒ 10303 ಮಾನದಂಡ, ಯಾವ ಸಾಫ್ಟ್‌ವೇರ್ ಕಂಪೆನಿಯ ಸ್ವತ್ತೂ ಅಲ್ಲ.

[ಪರದೆ: ಅದೇ ಫೈಲ್, ನೋಟ್‌ಪ್ಯಾಡ್‌ನಲ್ಲಿ]

ಇದು ಬರೀ ಅಕ್ಷರ, ಅಂಕಿಗಳ ಫೈಲ್, ಓದಬಹುದು. ಮೇಲೆ ಹೆಡರ್, ಕೆಳಗೆ ಡೇಟಾ. ಡೇಟಾದ ಪ್ರತಿ ಸಾಲಿಗೂ # ಹಾಕಿದ ಒಂದು ನಂಬರ್. ಬಿಂದುವಿನ ಸಾಲನ್ನು ಅಂಚಿನ ಸಾಲು ಕರೆಯುತ್ತದೆ, ಅಂಚನ್ನು ಮುಖ ಕರೆಯುತ್ತದೆ, ಮುಖಗಳು ಸೇರಿ ಸಾಲಿಡ್, ಅಂದರೆ ಒಳಗೆ ತುಂಬಿದ ಆಕಾರ. ಅಳತೆ ಮಿಲಿಮೀಟರೋ ಇಂಚೋ ಎನ್ನುವುದೂ ಇಲ್ಲೇ ಬರೆದಿರುತ್ತದೆ. 3ಡಿ ಪ್ರಿಂಟಿಂಗ್‌ಗೆ ಬಳಸುವ ಎಸ್‌ಟಿಎಲ್ ಫೈಲ್‌ನಲ್ಲಿ ಅದಿಲ್ಲ; 120 ಎಂಬ ಅಂಕಿಯನ್ನು ಇಂಚು ಅಂತ ಓದಿದರೆ ಫ್ಲಾಂಜ್ 3048 ಮಿ.ಮೀ. ಆಗಿಬಿಡುತ್ತದೆ!

ಈಗ ಥ್ರೆಡ್ ವಿಷಯ. ಹೆಚ್ಚಿನ ಸಾಫ್ಟ್‌ವೇರ್‌ಗಳಲ್ಲಿ ಥ್ರೆಡ್ ಅಂದರೆ ತೂತಿನ ಮೇಲೆ ಅಂಟಿಸಿದ ಚಿತ್ರ ಅಷ್ಟೆ. ಎಕ್ಸ್‌ಪೋರ್ಟ್ ಮಾಡಿದಾಗ ಉಳಿಯುವುದು ಸಾಮಾನ್ಯವಾಗಿ 8.5 ಮಿ.ಮೀ.ನ ನುಣುಪು ಸಿಲಿಂಡರ್, ಅಂದರೆ ಎಂ10ರ ಟ್ಯಾಪ್ ಡ್ರಿಲ್ ಸೈಜ್ (ಥ್ರೆಡ್ ಹಾಕುವ ಮೊದಲು ಕೊರೆಯುವ ತೂತಿನ ಅಳತೆ). ಮಿಲ್ಲಿಂಗ್ ಮಾಡುವವರಿಗೆ ಅದು ಥ್ರೆಡ್ ಅಂತ ಗೊತ್ತಾಗುವುದು ಹೇಗೆ ಮಾರಾಯ್ರೆ? ತೂತು ಕೊರೆದು ಕೊಟ್ಟುಬಿಡುತ್ತಾರೆ. ತಪ್ಪು ಅವರದ್ದಲ್ಲ.

ಹಾಗಾಗಿ ಎಕ್ಸ್‌ಪೋರ್ಟ್ ಮಾಡುವಾಗ ಸ್ಟೆಪ್‌ನ ಬಗೆಗಳಾದ ಎಪಿ203, ಎಪಿ214 ಬಿಟ್ಟು ಎಪಿ242 ಆರಿಸಿ. ಇದು 2014ರಲ್ಲಿ ಬಂದದ್ದು, ಆ ಎರಡನ್ನೂ ಒಳಗೊಂಡದ್ದು. ಟಾಲರೆನ್ಸನ್ನು (ಅಳತೆಯಲ್ಲಿ ಎಷ್ಟು ಹೆಚ್ಚುಕಡಿಮೆ ಆಗಬಹುದು ಎನ್ನುವುದನ್ನು) ಕಂಪ್ಯೂಟರ್ ಓದುವ ರೂಪದಲ್ಲೇ ಹೊರಬಲ್ಲದು. ಆದರೆ ಎರಡೂ ಕಡೆಯ ಸಾಫ್ಟ್‌ವೇರ್ ಅದನ್ನು ಬರೆಯಬೇಕು, ಓದಬೇಕು. ಅನುಮಾನವಿದ್ದರೆ ಥ್ರೆಡ್, ಫಿಟ್ (ಎರಡು ಭಾಗ ಎಷ್ಟು ಬಿಗಿಯಾಗಿ ಕೂರಬೇಕು ಎನ್ನುವುದು) ಎಲ್ಲ ಬರೆದ ಪಿಡಿಎಫ್ ಡ್ರಾಯಿಂಗ್ ಜೊತೆಗಿಡಿ.

[ಪರದೆ: ಘನಗಾತ್ರದ ಲೆಕ್ಕ]

ಫೈಲ್ ಬಂದವರು ಮೊದಲು ಘನಗಾತ್ರ ನೋಡಿ. ಈ ಫ್ಲಾಂಜ್‌ಗೆ ಸುಮಾರು 1,32,993 ಘನ ಮಿ.ಮೀ. ಬರಬೇಕು. ಘನಗಾತ್ರವೇ ಬರದಿದ್ದರೆ ಒಳಗೆ ಬಂದದ್ದು ಸಾಲಿಡ್ ಅಲ್ಲ, ಬಿಡಿಬಿಡಿ ಸರ್ಫೇಸ್. ಅಂಚುಗಳ ನಡುವಿನ ಸಂದು ನಿಮ್ಮ ಸಾಫ್ಟ್‌ವೇರ್ ಒಪ್ಪುವುದಕ್ಕಿಂತ ದೊಡ್ಡದಾದರೆ ಮುಖಗಳು ಹೊಲಿಗೆ ಹಾಕಿದ ಹಾಗೆ ಕೂಡಿಕೊಳ್ಳುವುದಿಲ್ಲ. ಇಂಪೋರ್ಟ್‌ನ ಹೀಲಿಂಗ್ ಆಯ್ಕೆ (ಇಂಥ ಸಂದುಗಳನ್ನು ಸರಿಮಾಡಲು ನೋಡುವುದು) ಹಾಕಿ ನೋಡಿ. ಆಗಲೂ ಸರಿಯಾಗದಿದ್ದರೆ ಟೂಲ್‌ಪಾತ್ (ಕೊರೆಯುವ ಟೂಲ್ ಹೋಗುವ ದಾರಿ) ಹಾಕಲು ಹೋಗಬೇಡಿ, ಕಳಿಸಿದವರಿಂದ ಹೊಸ ಎಕ್ಸ್‌ಪೋರ್ಟ್ ತರಿಸಿಕೊಳ್ಳಿ.

ಸ್ಕೆಚ್, ಎಕ್ಸ್‌ಟ್ರೂಡ್‌ಗಳ (ಸ್ಕೆಚ್ಚನ್ನು ಎಳೆದು ದಪ್ಪ ಕೊಟ್ಟದ್ದರ) ಚರಿತ್ರೆ ಸ್ಟೆಪ್‌ನಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ನಾಳೆ ದಪ್ಪ 12ರಿಂದ 14 ಮಾಡಬೇಕಾದರೆ ಮಣಿಪಾಲದ ಮೂಲ ಫೈಲ್ ಇದ್ದರೆ ಸುಲಭ. ಅದನ್ನು ಅಳಿಸಬೇಡಿ.