ಕೀಮೋ ವಾರ್ಡಿನಲ್ಲಿ ಸಿಸ್ಟರ್ ಆಡುವ ಮಾತು
(ಶಿವಮೊಗ್ಗದಲ್ಲಿ ಶುಶ್ರೂಷಕರಿಗಾಗಿ ನೀಡಿದ ಉಪನ್ಯಾಸದ ಪಠ್ಯ)

ಎಲ್ಲರಿಗೂ ನಮಸ್ಕಾರ. ಇಲ್ಲಿರುವವರಿಗೆ ಕ್ಯಾನ್ಸರ್ ಎಂದರೇನು ಎಂದು ಹೇಳಬೇಕಾಗಿಲ್ಲ. ನೇರವಾಗಿ ವಿಷಯಕ್ಕೆ ಬರುತ್ತೇವೆ. ಕೀಮೋ ಕೊಟ್ಟು ಅದೇ ದಿನ ಮನೆಗೆ ಕಳಿಸುವ ಡೇ ಕೇರಿನಲ್ಲಿ ರೋಗಿ ನಮ್ಮೆದುರು ಇರುವುದು ನಾಲ್ಕೈದು ಗಂಟೆ. ಮೂರು ವಾರಕ್ಕೊಮ್ಮೆ ಕೀಮೋ ಕೊಡುವ ಸೈಕಲ್ ಆದರೆ ಉಳಿದ ಇಪ್ಪತ್ತು ದಿನ ಅವರು ಹೊಸನಗರದ ಕಡೆಯ ಒಂಟಿ ಮನೆಯಲ್ಲೋ, ಸೊರಬದ ಹಳ್ಳಿಯಲ್ಲೋ ಇರುತ್ತಾರೆ. ತೊಂದರೆ ಶುರುವಾಗುವುದು ಅಲ್ಲಿ. ಇಲ್ಲಿ ಡ್ರಿಪ್ ಹೋಗುವಾಗ ನಾವು ಹೇಳಿದ್ದು ಅಲ್ಲಿ, ರಾತ್ರಿ ಹನ್ನೊಂದು ಗಂಟೆಗೆ, ಫೋನಿಗೆ ಸಿಗ್ನಲ್ ಇಲ್ಲದಾಗಲೂ ನೆನಪಿಗೆ ಬರಬೇಕು.

ಮೊದಲು ಕೇಳುವ ರೀತಿ. 'ಹೇಗಿದೀರಿ?' ಎಂದರೆ ನಮ್ಮ ಕಡೆಯವರು 'ಅಡ್ಡಿಲ್ಲ ಸಿಸ್ಟರ್' ಎನ್ನುತ್ತಾರೆ. ವಾಂತಿ ಮಾಡಿ ಸುಸ್ತಾಗಿದ್ದರೂ ಅದೇ ಉತ್ತರ. ತೊಂದರೆ ಹೇಳಿಕೊಂಡರೆ ಇವತ್ತಿನ ಕೀಮೋ ಮುಂದೆ ಹೋಗುತ್ತದೆ, ಬಸ್ ಚಾರ್ಜು ದಂಡ, ಜೊತೆಗೆ ಬಂದ ಮಗನ ಕೂಲಿ ಹೋಯಿತು ಎಂಬ ಲೆಕ್ಕ ಅವರದು. ಅದಕ್ಕೇ ಲೆಕ್ಕ ಸಿಗುವ ಹಾಗೆ ಕೇಳಿ. 'ಹೋದ ಸಲ ಮನೆಗೆ ಹೋದ ಮೇಲೆ ಎಷ್ಟು ಸಲ ವಾಂತಿ ಆಯ್ತು? ಎಷ್ಟನೇ ದಿನ ನಿಂತಿತು?' 'ನಿನ್ನೆ ಮಧ್ಯಾಹ್ನ ಏನು ಉಂಡ್ರಿ, ಎಷ್ಟು?' ಪ್ಯಾಕ್ಲಿಟ್ಯಾಕ್ಸೆಲ್, ಆಕ್ಸಾಲಿಪ್ಲಾಟಿನ್ ಎಂಬ ಕೀಮೋ ಔಷಧಿ ತೆಗೆದುಕೊಳ್ಳುವವರ ಕೈಕಾಲಿನ ನರ ಸೋಲುತ್ತದೆ. 'ಜೋಮು ಇದೆಯಾ?' ಎಂದರೆ ಇಲ್ಲ ಎಂದುಬಿಡುತ್ತಾರೆ. 'ಅಂಗಿ ಗುಂಡಿ ಹಾಕೋಕೆ ಆಗುತ್ತಾ? ಚಪ್ಪಲಿ ಕಾಲಿಂದ ಜಾರಿದ್ದು ಗೊತ್ತಾಗುತ್ತಾ? ಅಡಿಕೆ ಸುಲಿಯೋಕೆ ಕೂರ್ತೀರಾ?' ಎಂದು ಕೇಳಿ ನೋಡಿ. ಬೆರಳಿಗೆ ಸ್ಪರ್ಶವಿಲ್ಲದವರು ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತರೆ ಏನಾದೀತೆಂದು ಇಲ್ಲಿ ಬಿಡಿಸಿ ಹೇಳಬೇಕಿಲ್ಲ. ಕೇಳಿದ ಮೇಲೆ ಸುಮ್ಮನಿರಿ. ಫೈಲ್ ಬರೆಯುತ್ತಾ ಕೇಳಿದ ಪ್ರಶ್ನೆಗೆ ಒಂದೇ ಪದದ ಉತ್ತರ ಬರುವುದು.

ಈಗ ಜ್ವರ. ಇವತ್ತು ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಹೆಚ್ಚಿನ ಕೀಮೋ ಔಷಧಿಗಳಲ್ಲಿ 7ರಿಂದ 14ನೇ ದಿನದೊಳಗೆ ಸೋಂಕು ತಡೆಯುವ ಬಿಳಿ ರಕ್ತಕಣ ತೀರಾ ಕೆಳಗಿಳಿಯುತ್ತದೆ. ಆಗ ಬರುವ ಸೋಂಕಿಗೆ ಕೀವು, ಊತ, ಕಫ ಏನೂ ಕಾಣದೆ ಹೋಗಬಹುದು, ಜ್ವರವೊಂದೇ ಗುರುತು. ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಶುರುವಾಗಬೇಕು. ನಮ್ಮಲ್ಲಿ ಆಗುವುದೇನು? ಮಳೆಗಾಲವಾದರೆ 'ನೆನೆದಿದ್ದಕ್ಕೆ ಬಂತು' ಎನ್ನುತ್ತಾರೆ. ಡಿಸೆಂಬರಿನಿಂದ ಮೇ ತನಕ ಮಂಗನ ಕಾಯಿಲೆಯ ಕಾಲ; 1957ರಲ್ಲಿ ಆ ರೋಗ ಮೊದಲು ಪತ್ತೆಯಾದದ್ದೇ ಸೊರಬದ ಕ್ಯಾಸನೂರು ಕಾಡಿನಲ್ಲಿ, ಹಾಗಾಗಿ ಜ್ವರ ಎಂದರೆ ಜನರ ಮನಸ್ಸು ಅತ್ತ ಓಡುವುದು ಸಹಜ. ಒಂದು ಪ್ಯಾರಾಸಿಟಮಾಲ್ ನುಂಗುತ್ತಾರೆ, ಜ್ವರ ಇಳಿಯುತ್ತದೆ, ಸೋಂಕು ಒಳಗೇ ಬೆಳೆಯುತ್ತದೆ. ಬೆಳಿಗ್ಗೆ ಬಿ.ಪಿ. ಬಿದ್ದ ಸ್ಥಿತಿಯಲ್ಲಿ ಕರೆತರುತ್ತಾರೆ.

'ಜ್ವರ ಬಂದರೆ ಬನ್ನಿ' ಎಂಬ ಮಾತು ಇದಕ್ಕೆ ಸಾಲದು. ಹೀಗೆ ಹೇಳಿ: 'ಮೈ ಬಿಸಿ ಅನ್ನಿಸಿದರೆ, ಚಳಿ ನಡುಕ ಬಂದರೆ ಮೊದಲು ಥರ್ಮಾಮೀಟರ್ ಇಡಿ. 100.4 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಅಳೆಯುವ ಮೊದಲು ಮಾತ್ರೆ ನುಂಗಬೇಡಿ.' ಥರ್ಮಾಮೀಟರ್ ಮನೆಯಲ್ಲಿದೆಯೇ, ಅಂಕಿ ಓದಲು ಬರುವವರು ಯಾರು, ರಾತ್ರಿ ಯಾರ ಗಾಡಿ ಸಿಗುತ್ತದೆ, ಹತ್ತಿರದ ಆಸ್ಪತ್ರೆ ಯಾವುದು ಎಂಬುದನ್ನು ಕುರ್ಚಿಯ ಪಕ್ಕದಲ್ಲೇ ಇತ್ಯರ್ಥ ಮಾಡಿ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೇ ಸುಮಾರು 60 ಕಿ.ಮೀ. ಇದೆ, ಅದರಾಚೆಯ ಊರುಗಳದು ಇನ್ನೂ ದೂರ. ತಾಲ್ಲೂಕು ಆಸ್ಪತ್ರೆಯಲ್ಲಿ ಬಾಯಿಬಿಟ್ಟು ಹೇಳಬೇಕಾದ ಮಾತನ್ನೂ ಕಲಿಸಿ: 'ಕೀಮೋ ತಗೊಂಡು ಹತ್ತು ದಿನ ಆಯ್ತು, ಈಗ ಜ್ವರ.' ಇಷ್ಟು ಹೇಳದಿದ್ದರೆ ಅಲ್ಲಿ ಅವರೂ ಸಾಲಿನಲ್ಲಿ ಕೂರುವ ಇನ್ನೊಬ್ಬ ಜ್ವರದ ರೋಗಿ.

'ಅರ್ಥ ಆಯ್ತಾ?' ಎಂದು ಮಾತ್ರ ಕೇಳಬೇಡಿ, ಎಲ್ಲರೂ ತಲೆ ಆಡಿಸುತ್ತಾರೆ. 'ಅಮ್ಮ, ಮನೇಲಿ ಸೊಸೆಗೆ ಇದನ್ನ ಹೇಗೆ ಹೇಳ್ತೀರಿ? ನಂಗೊಂದ್ಸಲ ಹೇಳಿ' ಎನ್ನಿ. ತಪ್ಪಿದ್ದು ಆಗ ಹೊರಬೀಳುತ್ತದೆ. ನಾವು ಹೇಳಿದ ರೀತಿಯಲ್ಲೇ ತಪ್ಪಿರುವುದೂ ಉಂಟು.

ಸೂಜಿಯ ವಿಷಯ. ಡಾಕ್ಸೊರುಬಿಸಿನ್, ವಿನ್‌ಕ್ರಿಸ್ಟಿನ್ ಎಂಬ ಕೀಮೋ ಔಷಧಿಗಳು ರಕ್ತನಾಳದಿಂದ ಹೊರಗೆ ಸೋರಿದರೆ ಮಾಂಸ ಕೊಳೆಯುತ್ತದೆ. 'ಸ್ವಲ್ಪ ಉರಿಯುತ್ತೆ, ತಡ್ಕೊಳ್ಳಿ' ಎಂಬುದು ಈ ವಾರ್ಡಿನಲ್ಲಿ ಆಡಬಾರದ ಮಾತು. 'ಚೂರು ಉರಿದರೂ, ಬಿಗಿ ಅನ್ನಿಸಿದರೂ ಕೂಗಿ, ನಾವು ಬೇಜಾರು ಮಾಡ್ಕೊಳ್ಳಲ್ಲ' ಎಂದು ಶುರು ಮಾಡುವ ಮೊದಲೇ ಹೇಳಿ. ಕೂಗಿದ ತಕ್ಷಣ ಡ್ರಿಪ್ ನಿಲ್ಲಿಸಿ. ಕ್ಯಾನುಲಾ (ರಕ್ತನಾಳದಲ್ಲಿ ಇಟ್ಟ ಸಣ್ಣ ನಳಿಕೆ) ಕೀಳಬೇಡಿ, ಅದರಿಂದಲೇ ಉಳಿದ ಔಷಧಿಯನ್ನು ಹಿಂದಕ್ಕೆ ಎಳೆಯಬೇಕು. ಡಾಕ್ಸೊರುಬಿಸಿನ್ ಆದ ಮೇಲೆ ಒಂದೆರಡು ದಿನ ಮೂತ್ರ ಕೆಂಪಗಿರುತ್ತದೆ, ಮೊದಲೇ ಹೇಳದಿದ್ದರೆ ರಕ್ತವೆಂದು ಗಾಬರಿಯಾಗುತ್ತಾರೆ. ಆಕ್ಸಾಲಿಪ್ಲಾಟಿನ್ ಆದವರಿಗೆ ಕೆಲವು ದಿನ ತಣ್ಣೀರು ಮುಟ್ಟಿದರೆ ಬೆರಳು ಚುಚ್ಚುತ್ತದೆ, ತಣ್ಣಗಿನದು ಕುಡಿದರೆ ಗಂಟಲು ಕಟ್ಟಿದಂತಾಗುತ್ತದೆ. ಚಳಿಗಾಲದ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಪಾತ್ರೆ ತೊಳೆಯುವ ಹೆಂಗಸಿಗೆ ಇದನ್ನು ಹೇಳದೆ ಕಳಿಸಬಾರದು.

ರೇಡಿಯೇಶನ್ನಿಗೆ ಜನ 'ಕರೆಂಟ್ ಕೊಡೋದು' ಎನ್ನುತ್ತಾರೆ. ಶಾಕ್ ಹೊಡೆಯುತ್ತದೆಂಬ ಹೆದರಿಕೆ ಅವರಿಗೆ ನಿಜವಾಗಿಯೂ ಇರುತ್ತದೆ. ಯಂತ್ರ ನಡೆಯುವಾಗ ನೋವಿರುವುದಿಲ್ಲ, ಹೊರಗಿನಿಂದ ಕೊಡುವ ರೇಡಿಯೇಶನ್ ಆದ ಮೇಲೆ ಮೊಮ್ಮಗುವನ್ನು ತೊಡೆ ಮೇಲೆ ಕೂರಿಸಿಕೊಳ್ಳಬಹುದು ಎಂದು ಸ್ಪಷ್ಟವಾಗಿ ಹೇಳಿ. ಚರ್ಮ ಕಪ್ಪಾದಾಗ ಅರಿಶಿನ, ತುಪ್ಪ ಹಚ್ಚುವ ಮೊದಲು ನಮ್ಮನ್ನು ಕೇಳಲಿ. ಬಾಯಿ ಹುಣ್ಣಾದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ. ದಿನಕ್ಕೆ ನಾಲ್ಕೈದು ಸಲ ಮುಕ್ಕಳಿಸಲಿ.

ಎಲೆಯಡಿಕೆಯ ಮಾತು ಈ ಜಿಲ್ಲೆಯಲ್ಲಿ ನಾಜೂಕಿನದು. ತಂಬಾಕು ಇಲ್ಲದ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಹೇಳಿದೆ. ತೋಟದಲ್ಲೇ ಬದುಕು ಕಟ್ಟಿಕೊಂಡವರಿಗೆ ಇದನ್ನು ಆರೋಪದಂತೆ ಹೇಳಿದರೆ ಅವರು ಮುಂದಿನ ಮಾತು ಕೇಳುವುದಿಲ್ಲ. 'ತೋಟದ ಮಾತು ಬೇಡ ಯಜಮಾನ್ರೇ, ಬಾಯಿಗೆ ಹಾಕೋದು ಮಾತ್ರ ನಿಲ್ಲಲಿ' ಎಂದರೆ ಸಾಕು.

ನಾಟಿ ಔಷಧಿಯೂ ಹಾಗೆಯೇ. ಸಾಗರ ತಾಲ್ಲೂಕಿನ ನರಸೀಪುರಕ್ಕೆ ದೂರದೂರದಿಂದ ರೋಗಿಗಳು ಬರುತ್ತಾರೆಂಬುದು ಎಲ್ಲರಿಗೂ ಗೊತ್ತು. ಬೈದರೆ ಮುಚ್ಚಿಡುತ್ತಾರೆ. ಲಿವರ್ ಪರೀಕ್ಷೆಯಲ್ಲಿ ಏರುಪೇರಾದಾಗ ಕಾರಣ ಕೀಮೋವೋ ಕಷಾಯವೋ ಡಾಕ್ಟರಿಗೆ ತಿಳಿಯುವುದಿಲ್ಲ. 'ಬೇರೆ ಯಾವ ಔಷಧಿ ತಗೊಳ್ತಿದೀರಿ? ಸುಮಾರು ಜನ ತಗೊಳ್ತಾರೆ, ಹೇಳಿದರೆ ನಮಗೆ ಅನುಕೂಲ' ಎಂದು ಕೇಳಿ.

ಕೊನೆಯದು ಎಲ್ಲಕ್ಕಿಂತ ಕಷ್ಟದ್ದು. ಕಾರಿಡಾರಿನಲ್ಲಿ ಮಗ ನಿಲ್ಲಿಸಿ, 'ಅಪ್ಪಂಗೆ ಕ್ಯಾನ್ಸರ್ ಅಂತ ಹೇಳ್ಬೇಡಿ ಸಿಸ್ಟರ್' ಎನ್ನುತ್ತಾನೆ. ವಾದಕ್ಕಿಳಿಯಬೇಡಿ, 'ಗೊತ್ತಾದರೆ ಏನಾಗುತ್ತೆ ಅಂತ ಹೆದರಿಕೆ?' ಎಂದು ಕೇಳಿ. ಸುಳ್ಳು ಹೇಳುತ್ತೇನೆಂದು ಮಾತನ್ನೂ ಕೊಡಬೇಡಿ, ಹೀಗೆ ಹೇಳಿ: 'ನಾನಾಗಿ ಎತ್ತಲ್ಲ, ಅವರೇ ಕೇಳಿದರೆ ಡಾಕ್ಟರ್ ಹತ್ರ ಕೂತು ಮಾತಾಡೋಣ.' ರೋಗಿಯೇ 'ನಾನು ಉಳೀತೀನಾ?' ಎಂದಾಗ 'ಹಾಗೆಲ್ಲ ಅನ್ಬಾರದು' ಎಂದು ಬಾಯಿ ಮುಚ್ಚಿಸುವುದು ನಮ್ಮೆಲ್ಲರ ಅಭ್ಯಾಸ. 'ಇವತ್ತು ಹಾಗನ್ನಿಸಿದ್ದು ಯಾಕೆ?' ಎಂದು ಕೇಳಿದರೆ ಪಕ್ಕದ ಬೆಡ್ಡಿನವರು ಬಾರದಿದ್ದದ್ದೋ, ಸೊಸೈಟಿ ಸಾಲವೋ ಹೊರಗೆ ಬರುತ್ತದೆ. ಅವರು ಏನು ಕೇಳಿದರು, ಅವರಿಗೆ ಎಷ್ಟು ಗೊತ್ತಿದೆ, ನೀವು ಏನು ಹೇಳಿದಿರಿ ಎಂಬುದನ್ನು ನರ್ಸಿಂಗ್ ನೋಟ್ಸಿನಲ್ಲಿ ಬರೆಯಿರಿ. ಮುಂದಿನ ಪಾಳಿಯ ಸಿಸ್ಟರ್ ಬೇರೆಯದೇ ಹೇಳಿದರೆ ರೋಗಿ ಇಬ್ಬರನ್ನೂ ನಂಬುವುದಿಲ್ಲ.