ಹಾವು ಏಣಿ ಪಟದಲ್ಲಿ ಇಳಿಜಾರಿನ ಪಾಠ

ಕೇಳುಗರಿಗೆ ನಮಸ್ಕಾರ. ಮಳೆ ಹಿಡಿದು ಮೈದಾನ ಕೆಸರಾದರೆ ಮಲೆನಾಡಿನ ಶಾಲೆಗಳಲ್ಲಿ ಆಟದ ಅವಧಿ ಸುಮ್ಮನೆ ಹೋಗುತ್ತದೆ. ಆ ಹೊತ್ತಿನಲ್ಲಿ ಗಣಿತದ ಮೇಷ್ಟ್ರೂ ಚಿತ್ರಕಲೆಯವರೂ ಸೇರಿ ಮಕ್ಕಳಿಂದ ಹಾವು ಏಣಿ ಪಟ ಬರೆಸಬಹುದು. ನಿರ್ದೇಶಾಂಕದ ಪಾಠ ಮುಗಿದಿದ್ದರೆ ಸಾಕು, ಸರಳರೇಖೆಯ ಇಳಿಜಾರು ಪಟದ ಮೇಲೆಯೇ ಕೈಗೆ ಸಿಗುತ್ತದೆ.

ನಾಲ್ವರಿಗೆ ಅರ್ಧ ಚಾರ್ಟ್ ಹಾಳೆ ಕೊಡಿ. ಮಲೆನಾಡಿನ ಮನೆಗೋಡೆಯ ಹಸೆ ಚಿತ್ತಾರದ ಹಾಗೆ ಕೆಮ್ಮಣ್ಣಿನ ನೆಲ, ಬಿಳಿ ಗೆರೆ ಚೆಂದ. ಮಣ್ಣಿಗೆ ಸ್ವಲ್ಪ ಗೋಂದು ಬೆರೆಸದಿದ್ದರೆ ಒಣಗಿದ ಮೇಲೆ ಉದುರುತ್ತದೆ. ಮಳೆಗಾಲದಲ್ಲಿ ಅಕ್ಕಿಹಿಟ್ಟಿನ ಬಿಳುಪಿಗೆ ಬೂಷ್ಟು ಬರುತ್ತದೆ, ಪೋಸ್ಟರ್ ಬಣ್ಣವೇ ವಾಸಿ. ನೆಲ ಪೂರ್ತಿ ಒಣಗಿದ ಮೇಲೆ 30 ಸೆಂ.ಮೀ. ಚೌಕದಲ್ಲಿ 3 ಸೆಂ.ಮೀ. ಅಳತೆಯ ನೂರು ಮನೆ ಎಳೆಯಲಿ. ಮನೆ ಉದ್ದುದ್ದ ಆಯಿತೋ, ಕೋನಗಳೆಲ್ಲ ಕೆಡುತ್ತವೆ.

ಕೆಳಗಿನಿಂದ ಮೇಲಕ್ಕೂ ಎಡದಿಂದ ಬಲಕ್ಕೂ ಅಂಚಿನಲ್ಲಿ 1ರಿಂದ 10 ಬರೆಸಿ. ಪ್ರತಿ ಮನೆಯ ನಡುವೆ ಒಂದು ಚುಕ್ಕಿ, ಅದೇ ಬಿಂದು; ಅದರ ಮೊದಲ ಅಂಕಿ ಬಲಕ್ಕೆ, ಎರಡನೆಯದು ಮೇಲಕ್ಕೆ. (2, 1)ರಿಂದ (4, 5)ಕ್ಕೆ ಏಣಿ: ಬಲಕ್ಕೆ 2, ಮೇಲಕ್ಕೆ 4, ಏರಿದ್ದನ್ನು ಬಲಕ್ಕೆ ಸರಿದದ್ದರಿಂದ ಭಾಗಿಸಿದರೆ ಇಳಿಜಾರು 2. ಹೊರಟ ಮನೆಯನ್ನೂ ಸೇರಿಸಿ ಎಣಿಸುವ ಮಗು 5/3 ಎನ್ನುತ್ತದೆ. ಚುಕ್ಕಿಯಿಂದ ಚುಕ್ಕಿಗೆ ಬೆರಳು ಜಿಗಿಸಿ ಎಣಿಸಿದರೆ ತಪ್ಪು ತಾನೇ ಕಾಣುತ್ತದೆ.

ಏಣಿಯ ಎರಡನೇ ಗಳವನ್ನು 1 ಸೆಂ.ಮೀ. ಬಲಕ್ಕೆ, ಅರ್ಧ ಸೆಂ.ಮೀ. ಕೆಳಕ್ಕೆ ಸರಿಸಿ ಶುರುಮಾಡಿ, ಅದೇ ಇಳಿಜಾರಿನಲ್ಲಿ ಎಳೆಯಬೇಕು. ಗಳಗಳು ಸಮಾಂತರ. ಮೆಟ್ಟಿಲುಗಳ ಇಳಿಜಾರು ಋಣ ಅರ್ಧ. ಗಳದ ಇಳಿಜಾರನ್ನೂ ಮೆಟ್ಟಿಲಿನದನ್ನೂ ಗುಣಿಸಿದರೆ ಋಣ ಒಂದು, ಹಾಗೆ ಬಂದರೆ ಎರಡು ಗೆರೆಗಳು ಒಂದಕ್ಕೊಂದು ಲಂಬ. ಮೂಲೆಮಟ್ಟ ಇಟ್ಟು ನೋಡಲಿ.

ಹಾವಿನ ಹತ್ತಿರ ನಿಧಾನವಾಗಿ ಹೋಗಿ. ಹಾವು ಇಳಿಸುತ್ತದೆ, ಆದ್ದರಿಂದ ಋಣ ಎಂದು ಮಕ್ಕಳು ಗಟ್ಟಿಯಾಗಿ ನಂಬುತ್ತಾರೆ. ತಲೆ (7, 8), ಬಾಲ (9, 4) ಆದರೆ ಸರಿ, ಋಣ 2. ಆದರೆ ತಲೆ (9, 8), ಬಾಲ (7, 4) ಇರುವ ಹಾವಿಗೆ ಋಣ 4ನ್ನು ಋಣ 2ರಿಂದ ಭಾಗಿಸಬೇಕು, ಉತ್ತರ ಧನ 2, ನಮ್ಮ ಏಣಿಯದ್ದೇ. ಇಂಥ ಹಾವು ಪ್ರತಿ ಪಟದಲ್ಲೂ ಒಂದಾದರೂ ಇರಲೇಬೇಕು. ಬಳುಕುವ ಹಾವಿಗೆ ಒಂದೇ ಇಳಿಜಾರು ಇರುವುದಿಲ್ಲವಾದ್ದರಿಂದ ಮೈಯನ್ನು ನೇರ ತುಂಡುಗಳಲ್ಲಿ ಬರೆಸಿ.

ಆಡುವಾಗ ಇಳಿಜಾರು ಸರಿಯಾಗಿ ಹೇಳಿದವರಿಗಷ್ಟೇ ಏಣಿ. ನೆಟ್ಟಗೆ ನಿಂತ ಏಣಿಯೂ ಒಂದಿರಲಿ. ಅಲ್ಲಿ ಸೊನ್ನೆಯಿಂದ ಭಾಗಿಸಲಾಗದು, ‘ಇಳಿಜಾರು ಇಲ್ಲ’ ಎಂದವರು ಹತ್ತಲಿ, ‘ಸೊನ್ನೆ’ ಎಂದವರು ಇದ್ದಲ್ಲೇ ಇರಲಿ.