ಕ್ಯೂನಲ್ಲಿ ಎಷ್ಟು ಮೆಸೇಜ್ ಬಾಕಿ ಇವೆ?

ಕೇಳುಗರಿಗೆಲ್ಲ ನಮಸ್ಕಾರ.

ಶಿವಮೊಗ್ಗದ ಮಂಡಿಯಲ್ಲಿ ಅಡಿಕೆ ದರ ಗೊತ್ತಾದ ಕೂಡಲೇ ಅದು ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಬೆಳೆಗಾರರ ಮೊಬೈಲಿಗೆ ಹೋಗಬೇಕು ಅಂದುಕೊಳ್ಳಿ. ರಾಶಿ ಇಷ್ಟು, ಬೆಟ್ಟೆ ಇಷ್ಟು, ಸರಕು ಇಷ್ಟು, ಗೊರಬಲು ಇಷ್ಟು. ಸಾವಿರಾರು ಜನರಿಗೆ ಒಂದೇ ಏಟಿಗೆ ಕಳಿಸಲು ಹೋದರೆ ಕಳಿಸುವ ಸರ್ವರಿಗೆ ಉಸಿರು ಕಟ್ಟುತ್ತದೆ. ಅದಕ್ಕೇ ನಡುವೆ ಒಂದು ಕ್ಯೂ ಇಡುತ್ತಾರೆ. ಒಂದು ಪ್ರೋಗ್ರಾಂ ಮೆಸೇಜುಗಳನ್ನು ತಂದು ಅದರಲ್ಲಿ ಹಾಕುತ್ತಾ ಹೋಗುತ್ತದೆ, ಇನ್ನೊಂದು ಅಲ್ಲಿಂದ ತೆಗೆದು ತೆಗೆದು ಕಳಿಸುತ್ತದೆ. ಇಷ್ಟೇ. ನೀವು ಫೋನಿನಲ್ಲಿ ದುಡ್ಡು ಕಳಿಸಿದಾಗ, ಏನಾದರೂ ಸಾಮಾನು ತರಿಸಿದಾಗ, ಒಳಗೆಲ್ಲೋ ಇಂಥದ್ದೊಂದು ಕೆಲಸ ಮಾಡುತ್ತಿರುತ್ತದೆ.

ಈಗ ಮೇಲಿನವರು ಕೇಳುತ್ತಾರೆ: ಇನ್ನೂ ಎಷ್ಟು ಬಾಕಿ ಇದೆ? ನಮ್ಮ ಕಡೆಯ ಎಷ್ಟೋ ಮಕ್ಕಳು ಬೆಂಗಳೂರು ಕಂಪನಿಯ ಕೆಲಸವನ್ನು ಮನೆಯ ಜಗಲಿಯಲ್ಲೇ ಕೂತು ಮಾಡುತ್ತಾರಲ್ಲ, ಅವರಿಗೆ ಈ ಪ್ರಶ್ನೆ ಚೆನ್ನಾಗಿ ಗೊತ್ತು. ಕೇಳುವವರಿಗೆ ಇದು ಎರಡು ಸೆಕೆಂಡಿನ ಮಾತು. ಉತ್ತರ ಹೇಳಬೇಕಾದವರಿಗೆ ತಲೆನೋವು.

ಕ್ಯೂ ಒಂದೇ ಕಂಪ್ಯೂಟರಿನಲ್ಲಿದ್ದರೆ ಕಷ್ಟವೇನಿಲ್ಲ. ಒಂದು ಬಂದರೆ ಒಂದು ಕೂಡಿಸು, ಒಂದು ಹೋದರೆ ಒಂದು ಕಳೆ. ಆದರೆ ಒಂದೇ ಕಂಪ್ಯೂಟರ್ ಕೆಟ್ಟರೆ ಎಲ್ಲ ಹೋಯಿತಲ್ಲ, ಅದಕ್ಕೆ ದೊಡ್ಡ ಕ್ಯೂಗಳನ್ನು ಹತ್ತಾರು ಸರ್ವರುಗಳಿಗೆ ಹಂಚಿ, ಪ್ರತಿ ಮೆಸೇಜಿಗೂ ನಕಲು ಮಾಡಿ ಇಡುತ್ತಾರೆ. ಆಗ ಪೂರ್ತಿ ಲೆಕ್ಕ ಯಾರೊಬ್ಬರ ಹತ್ತಿರವೂ ಇರುವುದಿಲ್ಲ.

ಅಮೆಜಾನಿನ ಎಸ್‌ಕ್ಯೂಎಸ್ ತೆಗೆದುಕೊಳ್ಳಿ. ಇಂಥ ಕ್ಯೂ ನಡೆಸಿಕೊಡುವ, 2006ರಿಂದ ಎಲ್ಲರಿಗೂ ಸಿಗುತ್ತಿರುವ ಸೇವೆ. ಅದು ಮೂರು ಲೆಕ್ಕ ಕೊಡುತ್ತದೆ: ತೆಗೆದುಕೊಳ್ಳಲು ಸಿದ್ಧವಾಗಿರುವವು, ಯಾರೋ ತೆಗೆದುಕೊಂಡು ಇನ್ನೂ ಕೆಲಸ ಮುಗಿಸದೇ ಇರುವವು, ಸ್ವಲ್ಪ ಹೊತ್ತು ತಡೆದು ಬಿಡಬೇಕಾದವು. ಮೂರೂ ಅಂದಾಜು, ಅವರೇ ಹಾಗೆ ಹೆಸರಿಟ್ಟಿದ್ದಾರೆ. ಮೆಸೇಜು ಹಾಕುವುದು ನಿಂತ ಮೇಲೂ ಕಡಿಮೆ ಅಂದರೆ ಒಂದು ನಿಮಿಷ ಕಳೆಯದೆ ಈ ಅಂಕಿ ತಹಬಂದಿಗೆ ಬರುವುದಿಲ್ಲ ಅಂತ ಅವರ ದಾಖಲೆಯಲ್ಲೇ ಇದೆ. ಗೊತ್ತಿಲ್ಲದ್ದನ್ನು ಗೊತ್ತಿದೆ ಅಂತ ತೋರಿಸುವುದಕ್ಕಿಂತ ಇದು ಎಷ್ಟೋ ವಾಸಿ.

ಆ ಎರಡನೇ ಲೆಕ್ಕ ಇದೆಯಲ್ಲ, ಅದೇ ಜಾಸ್ತಿ ಕಾಡುವುದು. ಒಂದು ಪ್ರೋಗ್ರಾಂ ಮೆಸೇಜು ತೆಗೆದುಕೊಂಡಿತು ಅನ್ನಿ. ಕ್ಯೂ ಅದನ್ನು ಅಳಿಸುವುದಿಲ್ಲ, ಸುಮ್ನೆ ಮರೆ ಮಾಡಿ ಇಡುತ್ತದೆ, ನಾವು ಬದಲಾಯಿಸದಿದ್ದರೆ 30 ಸೆಕೆಂಡು. ಅಷ್ಟರಲ್ಲಿ ಕೆಲಸ ಮುಗಿಸಿ 'ಅಳಿಸು' ಅಂತ ಹೇಳಬೇಕು. ಹೇಳುವಷ್ಟರಲ್ಲಿ, ನಮ್ಮ ಆಷಾಢದ ಮಳೆಯಲ್ಲಿ ಆಗುವ ಹಾಗೆ, ಕರೆಂಟು ಹೋಯಿತು, ನೆಟ್ಟೂ ಹೋಯಿತು. 30 ಸೆಕೆಂಡು ಕಳೆದ ಮೇಲೆ ಆ ಮೆಸೇಜು ಮತ್ತೆ ಎದ್ದು ಬರುತ್ತದೆ. ಹೊಸದಾಗಿ ಯಾರೂ ಏನೂ ಹಾಕಿಲ್ಲ, ಆದರೂ ಬಾಕಿ ಏರಿತು! ಇನ್ನೂ ಒಂದು ತಮಾಷೆ ಏನೆಂದರೆ ಎಸ್‌ಎಂಎಸ್ ಆಗಲೇ ಹೋಗಿರಬಹುದು, ಅಳಿಸು ಅನ್ನುವ ಮಾತು ಮಾತ್ರ ತಲುಪಿರುವುದಿಲ್ಲ, ಆಗ ಬೆಳೆಗಾರರಿಗೆ ಅದೇ ದರ ಎರಡು ಸಲ ಬರುತ್ತದೆ, ಹಾಕಿದ್ದು ಸಾವಿರ ಕಳಿಸಿದ್ದು ಸಾವಿರದ ಮೂರು ಅಂತ ಲೆಕ್ಕ ತೋರಿಸಿ ಆಫೀಸಿನಲ್ಲಿ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ.

ರ‍್ಯಾಬಿಟ್‌ಎಂಕ್ಯೂ ಅಂತ ಇನ್ನೊಂದು ಕ್ಯೂ ಸಾಫ್ಟ್‌ವೇರ್ ಇದೆ. ಅದೂ ಸಿದ್ಧ ಇರುವವು, ಕೊಟ್ಟರೂ ಒಪ್ಪಿಗೆ ಬಾರದವು ಅಂತ ಎರಡು ಬೇರೆ ಬೇರೆ ಲೆಕ್ಕ ಇಡುತ್ತದೆ. ಒಂದನ್ನೇ ನೋಡಿ ಖುಷಿಪಡಬಾರದು.

ಲಿಂಕ್ಡ್‌ಇನ್‌ನಲ್ಲಿ ಹುಟ್ಟಿ 2011ರಲ್ಲಿ ಎಲ್ಲರಿಗೂ ಬಿಡುಗಡೆಯಾದ ಕಾಫ್ಕಾ ಅನ್ನುವ ಸಾಫ್ಟ್‌ವೇರಿನ ರೀತಿಯೇ ಬೇರೆ. ಅಲ್ಲಿ ಓದಿದ ಮಾತ್ರಕ್ಕೆ ಮೆಸೇಜು ಹೋಗುವುದಿಲ್ಲ. ಏನೂ ಬದಲಾಯಿಸದಿದ್ದರೆ ಏಳು ದಿನ ಇರುತ್ತದೆ. ಮೆಸೇಜುಗಳ ಸಾಲನ್ನು ತುಂಡು ತುಂಡಾಗಿ ಹಂಚಿ ಇಡುತ್ತಾರೆ, ಒಂದೊಂದು ತುಂಡಿಗೆ ಪಾರ್ಟಿಷನ್ ಅನ್ನುತ್ತಾರೆ. ಪ್ರತಿ ಪಾರ್ಟಿಷನ್‌ನಲ್ಲೂ ಮೆಸೇಜುಗಳಿಗೆ ಕ್ರಮವಾಗಿ ಒಂದೊಂದು ಸಂಖ್ಯೆ, ಅದಕ್ಕೆ ಆಫ್‌ಸೆಟ್ ಅನ್ನುತ್ತಾರೆ. ಸರಿ, ಶುರುವಿನ ಆಫ್‌ಸೆಟ್ 400, ಮುಂದೆ ಬರುವ ಮೆಸೇಜಿಗೆ ಸಿಗುವುದು 1,000 ಅಂದರೆ ಒಳಗಿರುವುದು 600 ಅಲ್ವಾ? ಅಲ್ಲದೆಯೂ ಇರಬಹುದು. ಒಂದೇ ಕೀಲಿಯ, ಅಂದರೆ ಮೆಸೇಜಿಗೆ ಅಂಟಿಸಿದ ಒಂದೇ ಹೆಸರಿನ, ಹಳೆಯ ಮೆಸೇಜುಗಳನ್ನು ತೆಗೆದು ಹೊಸದನ್ನಷ್ಟೇ ಉಳಿಸುವ ಕಂಪ್ಯಾಕ್ಷನ್ ಅನ್ನುವ ವ್ಯವಸ್ಥೆ ಇದ್ದರೆ ನಡುವೆ ಸಂಖ್ಯೆಗಳೇ ಖಾಲಿ ಬೀಳುತ್ತವೆ. ಹಲವು ಮೆಸೇಜು ಸೇರಿದರೆ ಎಲ್ಲವೂ ಸೇರಬೇಕು, ಇಲ್ಲದಿದ್ದರೆ ಒಂದೂ ಬೇಡ ಅನ್ನುವ ಟ್ರಾನ್ಸಾಕ್ಷನ್ ಬಳಸಿದರೆ ಅದರ ಗುರುತುಗಳಿಗೂ ಒಂದೊಂದು ಸಂಖ್ಯೆ ಹೋಗುತ್ತದೆ, ಅವು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಜೊತೆಗೆ ಒಂದೇ ದರಪಟ್ಟಿಯನ್ನು ಎಸ್‌ಎಂಎಸ್ ಕಳಿಸುವವರೂ ಓದುತ್ತಾರೆ, ಲೆಕ್ಕಪತ್ರದವರೂ ಓದುತ್ತಾರೆ, ಇಬ್ಬರೂ ಬೇರೆ ಬೇರೆ ಕಡೆ ತಲುಪಿರುತ್ತಾರೆ. ಹಾಗಾಗಿ ಎಷ್ಟು ಬಾಕಿ ಅಂತ ಕೇಳಿದರೆ, ಯಾರಿಗೆ ಬಾಕಿ ಅಂತ ತಿರುಗಿ ಕೇಳಬೇಕು. ಒಬ್ಬೊಬ್ಬರು ಎಷ್ಟು ಹಿಂದೆ ಇದ್ದಾರೆ ಅನ್ನುವುದಕ್ಕೆ ಲ್ಯಾಗ್ ಅನ್ನುತ್ತಾರೆ.

ಹಾಗಾದರೆ ಎಲ್ಲ ಸರ್ವರುಗಳನ್ನೂ ಒಂದೇ ಕ್ಷಣದಲ್ಲಿ ಎಣಿಸಲು ಆಗುವುದೇ ಇಲ್ಲವಾ? ಈ ಪ್ರಶ್ನೆಗೆ 1985ರಲ್ಲಿ ಕಂಪ್ಯೂಟರ್ ವಿಜ್ಞಾನಿಗಳಾದ ಮಣಿ ಚಾಂದಿ ಮತ್ತು ಲೆಸ್ಲಿ ಲ್ಯಾಂಪೋರ್ಟ್ ಒಂದು ಪ್ರಬಂಧ ಬರೆದರು. ಅದರಲ್ಲಿ ಅವರು ಕೊಟ್ಟ ಚಿತ್ರ ಹಕ್ಕಿಗಳದು: ವಲಸೆ ಹಕ್ಕಿಗಳು ಆಕಾಶ ತುಂಬಿವೆ, ಒಂದು ಫೋಟೋದಲ್ಲಿ ಹಿಡಿಯುವುದಿಲ್ಲ, ಹಲವರು ತೆಗೆದ ಫೋಟೋ ಜೋಡಿಸಬೇಕು, ಹಕ್ಕಿಗಳನ್ನು ನಿಲ್ಲಿ ಅನ್ನುವ ಹಾಗಿಲ್ಲ. ಇದನ್ನು ಓದಿದರೆ ನಮ್ಮವರಿಗೆ ಮಂಡಗದ್ದೆಯೇ ಕಣ್ಣ ಮುಂದೆ ಬರುತ್ತದೆ. ಮಳೆಗಾಲದಲ್ಲಿ ತೀರ್ಥಹಳ್ಳಿ ರಸ್ತೆಯಲ್ಲಿ ನಿಂತು ತುಂಗೆಯ ನಡುಗಡ್ಡೆ ನೋಡಿ, ಮರದ ತುಂಬ ಬೆಳ್ಳಕ್ಕಿ. ಈ ಕೊಂಬೆ ಎಣಿಸಿ ಆ ಕೊಂಬೆಗೆ ಬರುವಷ್ಟರಲ್ಲಿ ಇಲ್ಲಿದ್ದದ್ದು ಅಲ್ಲಿ ಕೂತಿರುತ್ತದೆ, ಎರಡು ಸಲ ಎಣಿಸಿದಿರಿ. ಹಾರುತ್ತಿದ್ದದ್ದು ಯಾವ ಕೊಂಬೆಯ ಲೆಕ್ಕಕ್ಕೂ ಸೇರಲಿಲ್ಲ.

ಅವರ ಉಪಾಯ ಚೆಂದ ಇದೆ. ಒಂದು ಸರ್ವರ್ ತನ್ನ ಸ್ಥಿತಿ ಬರೆದುಕೊಂಡು, ತನ್ನಿಂದ ಹೊರಡುವ ಎಲ್ಲ ದಾರಿಗಳಲ್ಲೂ ಒಂದು ಗುರುತು ಕಳಿಸುತ್ತದೆ. ಗುರುತು ಮೊದಲ ಸಲ ತಲುಪಿದವರೂ ಹಾಗೇ ಬರೆದುಕೊಂಡು ಮುಂದಕ್ಕೆ ಕಳಿಸುತ್ತಾರೆ. ತಾನು ಬರೆದುಕೊಂಡ ಮೇಲೆ, ಆದರೆ ಒಂದು ದಾರಿಯಲ್ಲಿ ಗುರುತು ಬರುವ ಮೊದಲು, ಆ ದಾರಿಯಲ್ಲಿ ಬಂದದ್ದೆಲ್ಲ 'ಹಾರುತ್ತಿದ್ದವು' ಅನ್ನುವ ಲೆಕ್ಕಕ್ಕೆ. ದಾರಿಯಲ್ಲಿ ಹಿಂದೆ ಮುಂದೆ ಆಗದೆ ಸಾಲಾಗಿ ಬರಬೇಕು ಅನ್ನುವುದೊಂದೇ ಮುಖ್ಯ ಷರತ್ತು. ಕೆಲಸ ನಿಲ್ಲಿಸಬೇಕಾಗಿಲ್ಲ, ಯಾವುದೂ ಎರಡು ಸಲ ಸೇರುವುದಿಲ್ಲ, ಬಿಟ್ಟೂ ಹೋಗುವುದಿಲ್ಲ. ಹರಿದು ಬರುತ್ತಲೇ ಇರುವ ಮಾಹಿತಿಯ ಲೆಕ್ಕ ಮಾಡುವ ಅಪಾಚೆ ಫ್ಲಿಂಕ್ ಅನ್ನುವ ಸಾಫ್ಟ್‌ವೇರ್ ಇದನ್ನೇ ಸ್ವಲ್ಪ ಬದಲಾಯಿಸಿ ಬಳಸುತ್ತದೆ. ಆದರೆ ಸಿಕ್ಕ ಚಿತ್ರ ಯಾವ ಒಂದು ಗಳಿಗೆಯಲ್ಲೂ ನಿಜವಾಗಿ ಇದ್ದಿರದೆಯೂ ಇರಬಹುದು. ಇದ್ದಿರಬಹುದಾದ ಚಿತ್ರ, ಅಷ್ಟೇ. ಮತ್ತೆ ಎಲ್ಲ ಕೂಡಿಸಿ ನಿಮ್ಮ ಕೈಗೆ ಕೊಡುವ ಹೊತ್ತಿಗೆ ಕ್ಯೂ ಆಗಲೇ ಮುಂದೆ ಹೋಗಿರುತ್ತದೆ.

ಅದಕ್ಕೇ ನಾನು ಎಷ್ಟು ಅನ್ನುವುದನ್ನು ಅಷ್ಟಾಗಿ ಹಚ್ಚಿಕೊಳ್ಳುವುದಿಲ್ಲ. ತೀರಾ ಹಳೆಯ ಮೆಸೇಜು ಎಷ್ಟು ಹೊತ್ತಿನಿಂದ ಕಾಯುತ್ತಿದೆ ಅಂತ ನೋಡುತ್ತೇನೆ. ಐದು ಸಾವಿರ ಬಾಕಿ ಇದ್ದು ಹಳೆಯದಕ್ಕೆ ಹತ್ತು ಸೆಕೆಂಡು ಆಗಿದ್ದರೆ ಕಾಫಿ ಕುಡಿಯಬಹುದು. ಮೂರೇ ಬಾಕಿ ಇದ್ದು ಬೆಳಗ್ಗೆಯಿಂದ ಅಲ್ಲೇ ಕೂತಿದ್ದರೆ ಏನೋ ಕೆಟ್ಟಿದೆ, ಏಳಬೇಕು. ಇನ್ನು ಸೊನ್ನೆ ಕಂಡ ತಕ್ಷಣ ಕ್ಯೂ ಅಳಿಸಲು ಹೋಗಬೇಡಿ. ಎಸ್‌ಕ್ಯೂಎಸ್‌ನಲ್ಲಿ ಆ ಮೂರೂ ಲೆಕ್ಕ ಹಲವು ನಿಮಿಷ ಸೊನ್ನೆಯಾಗಿಯೇ ಇರಬೇಕು, ಆಮೇಲೆ ಅಳಿಸಿ.

ದುಡ್ಡಿನ ವಿಷಯ, ಒಂದೂ ತಪ್ಪಬಾರದು ಅನ್ನುವುದಾದರೆ ಕ್ಯೂವನ್ನು ಕೇಳಲೇ ಬೇಡಿ. ಹಾಕುವಾಗ ಪ್ರತಿ ಮೆಸೇಜಿಗೂ ನಿಮ್ಮದೇ ಒಂದು ನಂಬರು ಕೊಟ್ಟು ಡೇಟಾಬೇಸಿನಲ್ಲಿ ಬರೆದಿಡಿ, ಕೆಲಸ ಮುಗಿದಾಗ ಅದೇ ನಂಬರಿನ ಮುಂದೆ ಗುರುತು ಹಾಕಿ. ಅದೇ ನಂಬರು ಎರಡನೇ ಸಲ ಬಂದರೆ ಬಿಟ್ಟುಬಿಡಿ. ಸಂಜೆ ಗುರುತಿಲ್ಲದ ಸಾಲುಗಳನ್ನು ಎಣಿಸಿದರೆ ಯಾರಿಗೆ ದರ ಹೋಗಿಲ್ಲ ಅನ್ನುವುದು ಹೆಸರು ಸಮೇತ ಸಿಗುತ್ತದೆ. ನಮಸ್ಕಾರ.